ಬುತ್ತಿ ಕಟ್ಟದ ಕೈ

ಮಗಳು ವಿಮಾನ ನಡೆಸುವುದನ್ನು ಕಲಿಯುತ್ತಿದ್ದ ಶಾಲೆ ಹೈದರಾಬಾದಿನ ಇನ್ನೊಂದು ತುದಿಯಲ್ಲಿತ್ತು. ನಾವಿರುವುದು ಕುಷಾಯಿಗೂಡದಲ್ಲಿ. ಕಲಿಯುವವರು ಹಾಸ್ಟೆಲಿನಲ್ಲೇ ಇರಬೇಕೆಂದು ನಿಯಮ, ವಾರಕ್ಕೊಂದು ರಜೆ. ರಜೆಯ ಹಿಂದಿನ ಸಂಜೆ ಮನೆಗೆ ಬರುತ್ತಿದ್ದಳು, ರಜೆ ಮುಗಿದ ಮರುದಿನ ಬೆಳಕು ಹರಿಯುವಾಗ ಹೊರಡುತ್ತಿದ್ದಳು. ಮೆಹದಿಪಟ್ಟಣಂವರೆಗೆ ಸಿಟಿ ಬಸ್ಸು, ಅಲ್ಲಿಂದ ಶಾಲೆಯ ವ್ಯಾನು. ವ್ಯಾನು ಯಾರಿಗೂ ಕಾಯುತ್ತಿರಲಿಲ್ಲ. ಆ ಶಾಲೆಯ ಬಗ್ಗೆ ನನಗೆ ಮೊದಲು ಗೌರವ ಬಂದದ್ದು ಆ ವ್ಯಾನಿನಿಂದ.

ನಾನು ಇಲ್ಲಿಯ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು, ಅಳತೆಗೆ ಕೂಡದ್ದನ್ನು ಪಕ್ಕಕ್ಕಿಡುವುದು. ಆ ಅಭ್ಯಾಸ ನಿವೃತ್ತಿಯ ನಂತರವೂ ಬಿಡಲಿಲ್ಲ. ಈಗಲೂ ಚಹಾ ಕುಡಿದ ಕಪ್ಪನ್ನು ತೊಳೆದು ಬೋರಲು ಹಾಕಿಯೇ ಪೇಪರು ಹಿಡಿಯುತ್ತೇನೆ. ನನ್ನ ಹೆಂಡತಿ ವಿಜಯಪುರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಅವಳಿಗೆ ತೆಲುಗಿನ ಒಂದು ಮಾತೂ ಬರುತ್ತಿರಲಿಲ್ಲ. ತರಕಾರಿಯವಳೊಂದಿಗೆ ಜಗಳವಾಡುತ್ತಾ ಕಲಿತಳು. ಮನೆಯೊಳಗೆ ಮಾತ್ರ ಅವಳ ಮಾತು, ಅವಳ ರೊಟ್ಟಿ, ಅವಳ ನೇಮ ಒಂದಿಷ್ಟೂ ಬದಲಾಗಲಿಲ್ಲ. ಮಕ್ಕಳಾಗುವ ಆಸೆಯನ್ನು ನಾವಿಬ್ಬರೂ ಬಿಟ್ಟು ಬಹಳ ವರ್ಷಗಳಾದ ಮೇಲೆ ಮಗಳು ಹುಟ್ಟಿದಳು. ಅವಳೊಬ್ಬಳೇ.

ನಮ್ಮ ಕಡೆ ಮನೆಯಿಂದ ಯಾರೇ ಹೊರಟರೂ ಬುತ್ತಿ ಕಟ್ಟದೆ ಕಳಿಸುವುದಿಲ್ಲ. ಹೋಗುವವರು ಹಸಿದಿದ್ದಾರೋ ಇಲ್ಲವೋ, ದಾರಿಯಲ್ಲಿ ಹೋಟೆಲು ಇದೆಯೋ ಇಲ್ಲವೋ, ಅದೆಲ್ಲ ಲೆಕ್ಕಕ್ಕಿಲ್ಲ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಇಷ್ಟನ್ನು ಬಿಳಿಯ ಬಟ್ಟೆಯಲ್ಲಿ ಗಂಟು ಹಾಕಿ ಕೈಗೆ ಕೊಡಬೇಕು. ಬ್ಯಾಗಿನಲ್ಲಿ ಇಟ್ಟರೆ ಸಾಲದು, ಕೈಗೇ ಕೊಡಬೇಕು. ನಾನು ಕಾರ್ಖಾನೆಗೆ ಹೋಗುತ್ತಿದ್ದಷ್ಟು ವರ್ಷವೂ ಹೆಂಡತಿ ಬಾಗಿಲಿನಲ್ಲಿ ನಿಂತು ಡಬ್ಬಿಯನ್ನು ಕೈಗೆ ಕೊಟ್ಟಳು. ಕ್ಯಾಂಟೀನು ಕಾರ್ಖಾನೆಯ ಒಳಗೇ ಇತ್ತು.

ಮಗಳ ಸರದಿ ಬಂದಾಗ ಡಬ್ಬಿ ದೊಡ್ಡದಾಯಿತು. ಹಾಸ್ಟೆಲಿನ ಗೆಳತಿಯರಿಗೂ ಸೇರಿಸಿ ಹೆಂಡತಿ ಕಟ್ಟುತ್ತಿದ್ದಳು. ಮೆಹದಿಪಟ್ಟಣಂವರೆಗೆ ನಾನು ಜೊತೆಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಮಗಳು ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ತೋಳಿನಲ್ಲಿ ಬುತ್ತಿಯನ್ನು ಎದೆಗವಚಿಕೊಂಡು ನಿಲ್ಲುತ್ತಿದ್ದಳು. ಎರಡು ತಾಸಿನ ನಂತರ ಆಕಾಶದಲ್ಲಿರುವವಳು ಈಗ ಕಂಡಕ್ಟರನ ಕೈಲಿ ‘ಒಳಗೆ ಜರುಗಮ್ಮಾ’ ಎಂದು ತೆಲುಗಿನಲ್ಲಿ ಬೈಸಿಕೊಳ್ಳುತ್ತಿದ್ದಳು.

ವಿಮಾನ ಏರುವ ಮೊದಲು ಅಲ್ಲಿ ಒಂದು ಪರೀಕ್ಷೆ ಇರುತ್ತದೆ. ಸಣ್ಣ ಯಂತ್ರವೊಂದಕ್ಕೆ ಊದಬೇಕು. ಉಸಿರಿನಲ್ಲಿ ಮದ್ಯದ ಅಂಶ ಇದೆಯೇ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಸೊನ್ನೆ ಬಂದರೆ ಮಾತ್ರ ಮುಂದಿನ ಹೆಜ್ಜೆ. ಇದನ್ನು ಮಗಳು ಮೊದಲ ಸಲ ಹೇಳಿದಾಗ ಹೆಂಡತಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

“ಊದಸ್ತಾರಂದ್ರ? ಬಲೂನೇನ?”

“ಕೊಳವಿ, ಅವ್ವ. ಕುಡದ ಬಂದೇನೇನಂತ ನೋಡ್ತಾರ.”

“ಥೂ ಅವರ! ಹೆಣ್ಣುಮಕ್ಕಳಿಗೂ?”

“ವಿಮಾನಕ್ಕ ಗಂಡು ಹೆಣ್ಣು ತಿಳಿಯೂದಿಲ್ಲ ಬಿಡು.”

“ನಮ್ಮ ಮನಿತನದಾಗ ಸೆರೆ ವಾಸನಿ ಕಂಡವರಿಲ್ಲ. ನಿನ್ನ ಬಾಯಿ ಮೂಸಿ ನೋಡಾಕ ಅವರ್ಯಾರು?”

ಮಗಳು ಬಹಳ ನಕ್ಕಳು. ನಾನೂ ನಕ್ಕೆ. ಆಮೇಲೆ ಮಗಳು ನಿಯಮಗಳನ್ನು ಬಿಡಿಸಿ ಹೇಳಿದಳು. ಬಾಯಿ ಮುಕ್ಕಳಿಸುವ ಔಷಧಿ ಕೂಡದು. ಕೆಮ್ಮಿನ ಸಿರಪ್ಪು ಕೂಡದು. ಏನೇ ತೆಗೆದುಕೊಳ್ಳುವುದಿದ್ದರೂ ಶಾಲೆಯ ಡಾಕ್ಟರನ್ನು ಕೇಳಬೇಕು. ಹೆಂಡತಿ ಎಲ್ಲದಕ್ಕೂ ತಲೆಯಾಡಿಸಿದಳು. ಔಷಧಿ ಎಂದರೆ ಅವಳ ಮಟ್ಟಿಗೆ ಗುಳಿಗೆ ಮತ್ತು ಸೂಜಿ. ಮನೆಯ ಕಪಾಟಿನಲ್ಲಿದ್ದದ್ದು ಯಾವುದೂ ಔಷಧಿಯಾಗಿರಲಿಲ್ಲ.

ಆ ವರ್ಷ ಚಳಿ ಜೋರಾಗಿತ್ತು. ಮಗಳು ಕೆಮ್ಮುತ್ತಾ ಮನೆಗೆ ಬಂದಳು. ಬಂದವಳೇ ತಾಯಿಗೆ ಎಚ್ಚರಿಕೆ ಕೊಟ್ಟಳು: ‘ಏನೂ ಕೊಡಬ್ಯಾಡ, ನಾಳೆ ಇಳೀತೈತಿ.’ ಏಕಾಂಗಿಯಾಗಿ ದೂರದ ಊರಿಗೆ ಹಾರಿ ಬರುವ ಪಾಠ ಅವಳಿಗೆ ಆ ವಾರ ಇತ್ತು. ಜೊತೆಯವರಲ್ಲಿ ಅದು ಮೊದಲು ಅವಳಿಗೇ ಸಿಕ್ಕಿತ್ತು. ರಜೆಯ ದಿನವೆಲ್ಲ ಹೊದ್ದು ಮಲಗಿ, ಹೊರಡುವ ಬೆಳಿಗ್ಗೆ ಎದ್ದಾಗ ಕೆಮ್ಮು ಅರ್ಧಕ್ಕರ್ಧ ಇಳಿದಿತ್ತು. ಹೆಂಡತಿ ಬುತ್ತಿಯ ಜೊತೆಗೆ ಒಂದು ಸ್ಟೀಲಿನ ಥರ್ಮಾಸನ್ನೂ ಕೈಗಿತ್ತಳು.

“ಇದರಾಗೇನೈತಿ?” ಎಂದಳು ಮಗಳು.

“ಶುಂಠಿ, ಮೆಣಸು, ಬೆಲ್ಲ. ಕಷಾಯ. ಬಸ್ಸಿನ್ಯಾಗ ಬಿಸಿ ಬಿಸಿ ಕುಡಿ ಸುಮ್ಮ.”

ಮಗಳು ಬಸ್ಸಿನಲ್ಲಿ ಒಂದಿಷ್ಟು ಕುಡಿದಳು. ಮೆಹದಿಪಟ್ಟಣಂ ಬಸ್ ನಿಲ್ದಾಣದ ಗದ್ದಲದಲ್ಲಿ ವ್ಯಾನು ಹತ್ತಿ, ಕಿಟಕಿಯಿಂದ ಥರ್ಮಾಸು ಎತ್ತಿ ತೋರಿಸಿ ಕೈ ಬೀಸಿದಳು. ನಾನು ಮರಳಿ ಬಂದು, ಸ್ನಾನ ಮಾಡಿ, ಪೇಪರು ಹಿಡಿದು ಕೂತಿದ್ದೆ. ಫೋನು ಬಂತು.

“ಅಪ್ಪಾ, ಅವ್ವ ಕಷಾಯದಾಗ ಏನೇನ್ ಹಾಕಿದ್ಲು ಕೇಳ್ರಿ.” ಅವಳ ದನಿ ಬಹಳ ಮೆತ್ತಗಿತ್ತು.

ನಾನು ಅಡಿಗೆ ಮನೆಗೆ ಹೋಗಿ ಕೇಳಿದೆ. ಹೆಂಡತಿ ಶುಂಠಿ ಎಂದಳು, ಮೆಣಸು ಎಂದಳು, ಬೆಲ್ಲ ಎಂದಳು.

“ಮತ್ತೇನು?”

“ಮತ್ತೇನಿಲ್ಲ. ಅರಿಷ್ಟ ಒಂದ್ ಹಾಕೀನಿ. ದ್ರಾಕ್ಷಿದು. ಅರ್ಧ ಬಾಟ್ಲಿ ಇತ್ತು, ಸುರುವೀನಿ. ಎದಿಯಾಗ ಕಫ ಗೊರಗೊರ ಅಂತಿತ್ತು, ನಿಮಗ ಕೇಳಿಸಿಲ್ಲೇನ? ಹೇಳಿದ್ರ ಕುಡೀತಿದ್ದಿಲ್ಲ ಆಕಿ.”

ದಿಲ್‌ಸುಖ್‌ನಗರದ ಆಯುರ್ವೇದದ ಅಂಗಡಿಯಿಂದ ಆ ಬಾಟಲಿಯನ್ನು ತಂದವನು ನಾನೇ. ವರ್ಷಾನುವರ್ಷ ತಂದಿದ್ದೇನೆ. ಅದನ್ನು ತಿರುಗಿಸಿ ನೋಡಿದೆ. ತಾನಾಗಿಯೇ ಹುಟ್ಟಿದ ಮದ್ಯಸಾರ ಇದರಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹೆಂಡತಿಯ ತಾಯಿ ಅವಳಿಗೆ ಬಾಣಂತನದಲ್ಲಿ ಕುಡಿಸಿದ್ದು ಅದನ್ನೇ. ಪೂಜೆ ಮುಗಿಸದೆ ನೀರು ಮುಟ್ಟದ ನನ್ನ ಹೆಂಡತಿ ಅದನ್ನು ನೈವೇದ್ಯದಷ್ಟೇ ಶುದ್ಧ ಎಂದು ತಿಳಿದಿದ್ದಳು.

ಫೋನಿನಲ್ಲಿ ಮಗಳಿಗೆ ಹೇಳಿದೆ. ಅಲ್ಲಿ ನಡೆದದ್ದನ್ನು ಅವಳು ಹೇಳಿದಳು. ಗೇಟಿನ ಬಳಿ ಇಳಿದು, ಥರ್ಮಾಸಿನಲ್ಲಿ ಉಳಿದದ್ದನ್ನೆಲ್ಲ ಒಂದೇ ಗುಟುಕಿಗೆ ಮುಗಿಸಿ, ನೇರ ಹೋಗಿ ಊದಿದ್ದಳು. ಅಂಕಿ ಬಂತು. ಬಾಯಿ ತೊಳೆದುಕೊಂಡು ಬಾ ಎಂದು ಹೇಳಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಮತ್ತೆ ಅಂಕಿ ಬಂತು.

“ಆತು ಬಿಡ್ರಿ,” ಎಂದಳು ಕೊನೆಗೆ. “ಅವ್ವಗ ಈಗs ಹೇಳಬ್ಯಾಡ್ರಿ.”

ಆದರೆ ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು.

ಶಾಲೆಯವರು ಕೆಟ್ಟವರಲ್ಲ. ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದನ್ನು ನಂಬಿದರು. ನಂಬಿದರೂ ನಿಯಮ ನಿಯಮವೇ. ಅವಳು ಏಕೆ ಕುಡಿದಳೆಂದು ಯಂತ್ರ ಕೇಳುವುದಿಲ್ಲ. ಮೂರು ತಿಂಗಳು ವಿಮಾನ ಮುಟ್ಟುವಂತಿಲ್ಲ ಎಂದಾಯಿತು. ಕಾರ್ಖಾನೆಯಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಇದನ್ನು ಹೆಂಡತಿಗೂ ಹೇಳಿದೆ. ಅವಳು ‘ಹೂಂ’ ಎಂದಳು, ಅಷ್ಟೆ.

ಜೊತೆಯವರೆಲ್ಲ ಮುಂದೆ ಹೋದರು. ಮಗಳು ಮನೆಗೆ ಬಂದು ಕೂತಳು. ಕಾಲೋನಿಯಲ್ಲಿ ಸುದ್ದಿ ಹರಡಲು ದಿನಗಳು ಬೇಕಾಗಲಿಲ್ಲ. ಕೆಳಗಿನ ಮನೆಯ ನನ್ನ ಹಳೆಯ ಸಹೋದ್ಯೋಗಿ ತಮಾಷೆಯ ಮನುಷ್ಯ, ಮನಸ್ಸಿನಲ್ಲಿ ವಿಷವಿಲ್ಲ. ಮೆಟ್ಟಿಲ ಬಳಿ ನಿಂತು ಕೇಳಿದ: “ಏಂ ಸಾರೂ, ಪಾಪ ಇಂಕಾ ಇಂಟ್ಲೋನೇ ಉಂದಾ? ವಿಮಾನಂ ಪಂಕ್ಚರಾ?” ಹುಡುಗಿ ಇನ್ನೂ ಮನೆಯಲ್ಲೇ ಇದ್ದಾಳಾ ಎಂದು.

ನಾನು ಏನಾದರೂ ಹೇಳುವ ಮೊದಲೇ ಹೆಂಡತಿ ಮೇಲಿನಿಂದ ಉತ್ತರ ಕೊಟ್ಟಳು: “ಪಂಕ್ಚರ್ ಚೇಸಿಂದಿ ನೇನೇ, ಅಣ್ಣಾ.” ಪಂಕ್ಚರ್ ಮಾಡಿದವಳು ನಾನೇ ಎಂದು. ಆತ ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಸಂಜೆ ಅವನ ಹೆಂಡತಿ ಒಂದು ಬಟ್ಟಲು ಗೋಂಗೂರ ಪಚ್ಚಡಿ, ಹುಳಿ ಪುಂಡಿಸೊಪ್ಪಿನ ಚಟ್ನಿ, ತಂದುಕೊಟ್ಟಳು. ಅವರು ಕ್ಷಮೆ ಕೇಳುವ ರೀತಿ ಅದು.

ಊರಿನಿಂದ ಫೋನು ಬಂದಾಗಲೂ ಅದೇ. ‘ಹುಡುಗಿ ಕುಡದು ಸಿಕ್ಕಾಳಂತಲ್ಲ’ ಎಂದು ಯಾರು ಸುತ್ತಿ ಬಳಸಿ ಕೇಳಿದರೂ ಹೆಂಡತಿ ನೇರ ಹೇಳುತ್ತಿದ್ದಳು, “ಕುಡಿಸಿದಾಕಿ ನಾನs.” ಅಷ್ಟು ಹೇಳಿ ಫೋನನ್ನು ನನ್ನ ಕೈಗೆ ಕೊಡುತ್ತಿದ್ದಳು. ಮಗಳು ತಡೆದು ನೋಡಿದಳು. “ಎಲ್ಲಾರ ಮುಂದ ಯಾಕ ಹೇಳ್ತಿ? ನನಗ ನಾಚಿಕಿಲ್ಲ, ನಿನಗ್ಯಾಕ?” ಎಂದಳು.

ಮನೆಯಲ್ಲಿ ಹುಳಿ ಬರುವ ಪದಾರ್ಥ ಒಂದೊಂದಾಗಿ ಮರೆಯಾಯಿತು. ಮೊದಲು ಅಂಬಲಿ ಹೋಯಿತು. ಬೇಸಿಗೆಯಲ್ಲಿ ಜೋಳದ ಅಂಬಲಿ ಇಲ್ಲದೆ ನಮ್ಮ ಮನೆಯಲ್ಲಿ ಮಧ್ಯಾಹ್ನ ಆದದ್ದಿಲ್ಲ. ಅದನ್ನು ಹುದುಗಿಗೆ ಇಡುವ ಮಣ್ಣಿನ ಗಡಿಗೆಯನ್ನು ತೊಳೆದು ಬಿಸಿಲಿಗಿಟ್ಟಳು, ಮರುದಿನ ಕೆಲಸದವಳಿಗೆ ಕೊಟ್ಟುಬಿಟ್ಟಳು. ದೋಸೆಹಿಟ್ಟು ನಿಂತಿತು. ಉಪ್ಪಿನಕಾಯಿ ಭರಣಿ ಮೂಲೆ ಸೇರಿತು. ಗೋಂಗೂರ ಬಟ್ಟಲನ್ನು ಖಾಲಿ ಮಾಡದೆ ತಿರುಗಿ ಕೊಡುವುದು ಹೇಗೆಂದು ತಿಳಿಯದೆ ನಾನೊಬ್ಬನೇ ತಿಂದೆ. ಬಾಳೆಹಣ್ಣು ಸ್ವಲ್ಪ ಮೆತ್ತಗಾದರೂ ಮಗಳ ಕೈಗೆ ಸಿಗದ ಹಾಗೆ ಎತ್ತಿಡುತ್ತಿದ್ದಳು.

ನಾನು ತಪಾಸಣೆ ವಿಭಾಗದವನು. ಕೂರಿಸಿ ಹೇಳಿದೆ. ಯಾವುದರಲ್ಲಿ ಮದ್ಯಸಾರ ಇರುತ್ತದೆ, ಯಾವುದರಲ್ಲಿ ಇರುವುದಿಲ್ಲ, ಇದ್ದರೂ ದೇಹದಿಂದ ಎಷ್ಟು ಬೇಗ ಹೋಗುತ್ತದೆ ಎಂದು ವಿವರಿಸಿದೆ.

“ರೊಟ್ಟಿಯಾಗ ಏನ್ ಬಂತು? ಹೇಳು ನೋಡೋಣ. ಏನೂ ಇಲ್ಲ.”

“ಅರಿಷ್ಟದಾಗೂ ಏನಿಲ್ಲಂತ ತಿಳದಿದ್ದೆ,” ಎಂದಳು.

ಮೂರು ತಿಂಗಳು ಕಳೆಯಿತು. ಮಗಳು ಶಾಲೆಗೆ ಮರಳಿ, ತನಗಿಂತ ಚಿಕ್ಕವರ ಜೊತೆ ಸೇರಿದಳು. ಬಿಟ್ಟುಹೋಗಿದ್ದ ಏಕಾಂಗಿ ಹಾರಾಟವನ್ನು ಮುಗಿಸಿದಳು. ಫೋನಿನಲ್ಲಿ ಅವಳ ನಗು ಮತ್ತೆ ಕೇಳಿಸಿತು. ನಮ್ಮ ಕಷ್ಟ ಮುಗಿಯಿತು ಎಂದುಕೊಂಡೆ. ಮೊದಲ ರಜೆಗೆ ಬಂದಳು. ಹೆಂಡತಿ ಬಿಸಿ ರೊಟ್ಟಿ ಬಡಿದು, ಎದುರಿಗೆ ಕೂರಿಸಿಕೊಂಡು ತಿನ್ನಿಸಿದಳು. ಎಲ್ಲವೂ ಮೊದಲಿನಂತೆಯೇ ಇತ್ತು. ಹೊರಡುವ ಬೆಳಿಗ್ಗೆ ಮಗಳು ಶೂ ಕಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿ, ಬಾಗಿಲಿನಲ್ಲಿ ನಿಂತು ಕೈ ಚಾಚಿದಳು.

ಹೆಂಡತಿ ಬರಿಗೈಯಲ್ಲಿ ಬಂದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಬುತ್ತಿ?”

“ಹೋಗೂ ದಿನ ನನ್ನ ಕೈದು ಬ್ಯಾಡ, ನನ್ನವ್ವ. ಅಲ್ಲೇ ಕ್ಯಾಂಟೀನಿನ್ಯಾಗ ತಿನ್ನು.”

“ಹುಚ್ಚೇನ ನಿನಗ? ರೊಟ್ಟಿ ತಿಂದ್ರ ಯಾರಿಗರ ನಶಾ ಏರತೈತೇನ?”

“ಬ್ಯಾಡಂದ್ನೆಲ್ಲ.”

“ಸಿಟ್ಟೇನ ನನ್ನ ಮ್ಯಾಲೆ?”

“ನಿನ್ನ ಮ್ಯಾಲೆ ಯಾಕ ಸಿಟ್ಟ ಬರ್ತೈತಿ? ಹೋಗು, ಬಸ್ ಹೋಗತೈತಿ.”

ಒಂದು ಲೋಟ ನೀರನ್ನೂ ಕೊಡಲಿಲ್ಲ. ಮಗಳೇ ಒಳಗೆ ಹೋಗಿ ತುಂಬಿಕೊಂಡು ಕುಡಿದಳು. ಬಸ್ಸಿನಲ್ಲಿ ಈ ಸಲ ಅವಳು ಎರಡೂ ಕೈಯಿಂದ ಕಂಬಿ ಹಿಡಿದು ನಿಂತಳು. ಆಮೇಲೆ ಕಂಬಿಗೆ ತಲೆಯಾನಿಸಿ ಹೇಳಿದಳು, “ನಂದು ಮುಗೀತಪ್ಪಾ. ಅವ್ವ ಮಾತ್ರ ಇನ್ನೂ ಸಸ್ಪೆಂಡ್ ಆಗೇ ಕುಂತಾಳ.” ಇಬ್ಬರೂ ನಕ್ಕೆವು. ನಗುವಂಥ ಮಾತಾಗಿರಲಿಲ್ಲ.

ಹೆಂಡತಿಗೆ ಅದು ಹೋಗುವ ದಿನದ ನೇಮವಾಯಿತು. ಮಗಳು ಬಂದ ಸಂಜೆ ಉಣ್ಣಿಸುತ್ತಿದ್ದಳು, ರಜೆಯ ದಿನ ಉಣ್ಣಿಸುತ್ತಿದ್ದಳು, ಅದೂ ಸಂಜೆಯವರೆಗೆ ಮಾತ್ರ. ಹೊರಡುವ ಬೆಳಿಗ್ಗೆ ಒಲೆ ಹಚ್ಚುತ್ತಲೇ ಇರಲಿಲ್ಲ. ನನಗೂ ಅವಳು ಹೋದ ಮೇಲೆಯೇ ಚಹಾ. ಮಗಳು ಅಲ್ಲಿ ಊದಿ, ಏನೂ ಬರಲಿಲ್ಲವೆಂದು ಫೋನು ಮಾಡುವವರೆಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಫೋನು ಬಂದ ಮೇಲೆ ಎದ್ದು ಸ್ನಾನಕ್ಕೆ ಹೋಗುತ್ತಿದ್ದಳು. ಒಮ್ಮೆ ಸಿಗ್ನಲ್ ಸಿಗದೆ ಫೋನು ತಡವಾಯಿತು. ಅವತ್ತು ಪೂಜೆಯೇ ಆಗಲಿಲ್ಲ.

ಮಗಳು ಇದನ್ನೆಲ್ಲ ನೋಡುತ್ತಿದ್ದಳು. ತಾನು ಬಂದರೆ ತಾಯಿಗೆ ಸಂಕಟ, ಉಳಿದರೆ ಇನ್ನಷ್ಟು ಸಂಕಟ ಎಂದು ತಿಳಿಯಿತು. ರಾತ್ರಿ ಉಳಿಯುವುದನ್ನು ಬಿಟ್ಟಳು. ಬೆಳಿಗ್ಗೆ ಬಂದು ಸಂಜೆ ಹೋಗತೊಡಗಿದಳು. ಆಮೇಲೆ ಎರಡು ವಾರಕ್ಕೊಮ್ಮೆ. ಪರೀಕ್ಷೆ ಹತ್ತಿರ ಬಂತೆಂದು ಒಂದು ತಿಂಗಳು ಬರಲೇ ಇಲ್ಲ. ಅದೇ ಊರಿನಲ್ಲಿದ್ದವಳು. ಹೆಂಡತಿ ‘ಓದಾಕತ್ತಾಳ, ಓದಲಿ’ ಎನ್ನುತ್ತಿದ್ದಳು. ಭಾನುವಾರ ಬದನೆಕಾಯಿ ತಂದರೆ, ‘ಯಾರಿಗಿ ಇಷ್ಟು?’ ಎಂದು ಕೇಳುತ್ತಿದ್ದಳು.

ಪರವಾನಗಿ ಬಂತು. ಕೆಲವು ತಿಂಗಳ ಮೇಲೆ ಒಂದು ವಿಮಾನ ಕಂಪನಿ ಅವಳನ್ನು ಆರಿಸಿಕೊಂಡಿತು. ದೊಡ್ಡ ವಿಮಾನ ನಡೆಸುವ ತರಬೇತಿಗೆ ಉತ್ತರದ ಊರೊಂದಕ್ಕೆ ಹೋಗಬೇಕಿತ್ತು. ನೆಲದ ಮೇಲೆಯೇ ನಿಂತಿರುವ, ಒಳಗೆ ಮಾತ್ರ ವಿಮಾನದಂತೆಯೇ ಇರುವ ಯಂತ್ರದಲ್ಲಿ ಅಭ್ಯಾಸ. ತಿಂಗಳುಗಟ್ಟಲೆ ಮನೆಗೆ ಬರುವಂತಿಲ್ಲ. ಹೊರಡುವ ಮೊದಲು ಒಂದು ವಾರ ನಮ್ಮೊಡನೆ ಇದ್ದಳು.

ಕೊನೆಯ ಸಂಜೆ ಅವಳು ತಾಯಿಯ ಮುಂದೆ ನೆಲದ ಮೇಲೆ ಕೂತು, ನಾನು ಒಂದು ಕಾಲಕ್ಕೆ ಹೇಳಿದಂತೆಯೇ ಒಂದೊಂದಾಗಿ ವಿವರಿಸಿದಳು. “ನಾಳೆ ನಾ ಹಾರೂದಿಲ್ಲ. ಬರೇ ಪ್ರಯಾಣ. ನಾಡದ್ದೂ ಹಾರೂದಿಲ್ಲ. ಒಂದ್ ತಿಂಗಳು ಬರೇ ಪುಸ್ತಕ, ಕ್ಲಾಸು. ಯಾರೂ ಊದಸೂದಿಲ್ಲ. ನೀ ಸೆರೆನs ಕಟ್ಟಿ ಕೊಟ್ರೂ ಕೇಳವರಿಲ್ಲ. ಬುತ್ತಿ ಕಟ್ಟವ್ವ.”

ಹೆಂಡತಿ ಮಗಳ ತಲೆಯ ಮೇಲೆ ಕೈಯಾಡಿಸಿದಳು. “ಕಟ್ತೀನಿ,” ಎಂದಳು.

ಬೆಳಿಗ್ಗೆ ನನಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಎಷ್ಟೋ ಕಾಲದ ಮೇಲೆ, ಹೋಗುವ ದಿನದ ಬೆಳಿಗ್ಗೆ ಒಲೆ ಹೊತ್ತಿತ್ತು. ನಾನು ಏಳದೆ ಸ್ವಲ್ಪ ಹೊತ್ತು ಹಾಗೆಯೇ ಕೇಳುತ್ತಾ ಮಲಗಿದ್ದೆ. ಮಲಗಿ ಕಾಲ ಕಳೆಯುವುದು ನನ್ನ ಅಭ್ಯಾಸವಲ್ಲ. ಮಗಳೂ ಎದ್ದಿದ್ದಳು. ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಟ್ಯಾಕ್ಸಿ ಬಂತು. ಮಗಳು ಬಾಗಿಲಿಗೆ ಹೋದಳು. ಹೆಂಡತಿ ಬಿಳಿಯ ಬಟ್ಟೆಯ ಗಂಟು ಹಿಡಿದು ಅಡಿಗೆ ಮನೆಯಿಂದ ಹೊರಬಂದಳು, ಪಡಸಾಲೆ ದಾಟಿದಳು, ಮಗಳಿಗೆ ಒಂದು ಮಾರು ದೂರದಲ್ಲಿ ನಿಂತಳು. ಗಂಟನ್ನು ಒಮ್ಮೆ ನೋಡಿಕೊಂಡಳು. ತಿರುಗಿ ಒಳಗೆ ಹೋದಳು. ಏನೋ ಮರೆತಿರಬೇಕು, ಚಟ್ನಿಯೋ ಏನೋ ಎಂದುಕೊಂಡು ನಾವು ಕಾದೆವು. ಕೆಳಗೆ ಹಾರ್ನು ಕೇಳಿಸಿತು. ಬರಲಿಲ್ಲ. ಮಗಳು ಶೂ ಹಾಕಿಕೊಂಡೇ ಒಳಗೆ ಹೋದಳು, ನಾನೂ ಹಿಂದೆ ಹೋದೆ. ಹೆಂಡತಿ ಗಂಟನ್ನು ಮೇಲಿನ ಹಲಗೆಯ ಮೇಲೆ ಇಟ್ಟು, ಅದರ ಮುಂದೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಯಾರೋ ಅದನ್ನು ಕದಿಯಲು ಬಂದಿದ್ದಾರೆ ಎಂಬಂತೆ.

“ಆಗವಲ್ದವ್ವ,” ಎಂದಳು. “ಕೈ ಬರವಲ್ದು.”

ಮಗಳು ಬಗ್ಗಿ ಅವಳ ಕಾಲು ಮುಟ್ಟಿದಳು. “ಇರ್ಲಿ ಬಿಡು. ಬಂದ ಮ್ಯಾಲೆ ತಿಂತೀನಿ,” ಎಂದು ಬೇಗ ಬೇಗ ಇಳಿದು ಹೋದಳು. ಆ ಮಧ್ಯಾಹ್ನ ಗಂಟು ಬಿಚ್ಚಿ ನಾವಿಬ್ಬರೂ ಉಂಡೆವು. ಇಷ್ಟು ವರ್ಷಗಳಲ್ಲಿ ನಾನು ಉಂಡ ಅತ್ಯಂತ ಒಳ್ಳೆಯ ಎಣ್ಣೆಗಾಯಿ ಅದು. ಹಾಗೆಂದು ಹೇಳಲಿಲ್ಲ.

ಮಗಳ ತರಬೇತಿ ಯಂತ್ರದ ಹಂತಕ್ಕೆ ಬಂದ ಹೊತ್ತಿಗೆ ಹೆಂಡತಿ ಎದೆಯಲ್ಲಿ ಉರಿ ಎನ್ನತೊಡಗಿದಳು. ಪಿತ್ತ ಎಂದಳು. ಡಾಕ್ಟರಲ್ಲಿಗೆ ಹೋಗೋಣ ಎಂದರೆ ಸೋಮವಾರ ಎಂದಳು. ಸೋಮವಾರ ಬರುವ ಮೊದಲೇ ಒಂದು ಬೆಳಿಗ್ಗೆ, ಪೂಜೆಗೆ ಹೂ ಬಿಡಿಸಿಕೊಂಡು ಬಂದವಳು ಬುಟ್ಟಿಯನ್ನು ನೆಟ್ಟಗೆ ಕೆಳಗಿಟ್ಟು, ಅದರ ಪಕ್ಕದಲ್ಲಿ ಕೂತಳು. ಒರಗಿದಳು. ಕೆಳಗಿನ ಮನೆಯಾತ ಕಾರು ತೆಗೆದ. ಆಸ್ಪತ್ರೆ ಮುಟ್ಟುವಾಗ ಆಗಿಹೋಗಿತ್ತು.

ಮಗಳಿಗೆ ಫೋನು ಮಾಡಿದೆ. ಹೋಗಲಿಲ್ಲ. ಆ ಯಂತ್ರದೊಳಗೆ ಹೋಗುವಾಗ ಫೋನನ್ನು ಹೊರಗೆ ಇಟ್ಟು ಹೋಗಬೇಕು. ಅವಳು ಹೊರಗೆ ಬರುವ ಹೊತ್ತು ನನಗೆ ಗೊತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಆ ಹೊತ್ತಿಗಾಗಿ ಕೂತೆ. ಒಳಗೆ ಅವಳು ಇಂಜಿನ್ ಕೆಟ್ಟ ವಿಮಾನವನ್ನು ಕ್ಷೇಮವಾಗಿ ಇಳಿಸುವುದನ್ನು ಕಲಿಯುತ್ತಿದ್ದಳೆಂದು ಆಮೇಲೆ ಹೇಳಿದಳು. ಚೆನ್ನಾಗಿ ಇಳಿಸಿದ್ದಳಂತೆ. ಶಾಭಾಷ್ ಎನಿಸಿಕೊಂಡು ನಗುತ್ತಾ ಹೊರಗೆ ಬಂದು ಫೋನು ಹಚ್ಚಿದ್ದಳು.

ಸಂಜೆಯ ಹೊತ್ತಿಗೆ ಪ್ರಯಾಣಿಕರ ಸೀಟಿನಲ್ಲಿ ಕೂತು ಬಂದಳು. ನಮ್ಮ ಪದ್ಧತಿಯಂತೆ ಹೆಂಡತಿಯನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಮಗಳು ಎದುರಿಗೆ ಕೂತು ತಾಯಿಯ ಕೈಗಳನ್ನೇ ನೋಡುತ್ತಿದ್ದಳು. ಅಳಲಿಲ್ಲ. ಕಾರ್ಯವೆಲ್ಲ ಮುಗಿದು, ಊರಿನಿಂದ ಬಂದವರು ಊಟಕ್ಕೆ ಕೂತಾಗ, ಯಾರೋ ಅವಳ ಮುಂದೆ ತಟ್ಟೆ ಇಟ್ಟು “ತಿನ್ನವ್ವಾ, ಅವ್ವನ ಹೆಸರಿಲೆ ಒಂದ್ ತುತ್ತು” ಎಂದರು. ಆಗ ಎದ್ದು ಹಿಂದಿನ ಬಾಲ್ಕನಿಗೆ ಹೋದಳು. ಅಲ್ಲಿ ಅತ್ತದ್ದು ಕೇಳಿಸಿತು.

ತರಬೇತಿಯವರು ಕೇಳಿದರಂತೆ, ಮನಸ್ಸು ನಿಂತಿದೆಯೇ, ಯಂತ್ರದಲ್ಲಿ ಕೂರಬಲ್ಲೆಯಾ ಎಂದು. ಆ ಕೆಲಸದಲ್ಲಿ ಅದನ್ನು ಕೇಳಲೇಬೇಕು, ನಿಜವನ್ನೇ ಹೇಳಬೇಕು. ಇನ್ನೂ ಇಲ್ಲ ಎಂದು ಹೇಳಿದಳು. ಕೆಲವು ದಿನ ಕೊಟ್ಟರು. ಆಮೇಲೆ ಹೋಗಿ ಯಂತ್ರದ ಹಂತ ಮುಗಿಸಿದಳು.

ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ತಿಂಗಳ ಕಾರ್ಯದವರೆಗೆ ನಮ್ಮಲ್ಲೇ ಉಳಿದಳು. ನಾನೊಬ್ಬನೇ ಇರಬೇಕಾದವನೆಂದು ನನಗೆ ರೊಟ್ಟಿ ಕಲಿಸಿದಳು. “ಮಾಮಾರ, ಹಿಟ್ಟಿಗಿ ಕುದಿ ನೀರ ಹಾಕ್ರಿ. ಬಡೀರಿ. ಸ್ಕೇಲ್ ಹಿಡದು ಅಳೀಬ್ಯಾಡ್ರಿ, ರೊಟ್ಟಿ ಅದು, ರೇಡಿಯೋ ಅಲ್ಲ.” ದಿನಾ ಅದೇ ಹೊತ್ತಿಗೆ, ಅದೇ ಬಟ್ಟಲು ಹಿಟ್ಟಿನಲ್ಲಿ ಅಭ್ಯಾಸ ಮಾಡಿದೆ. ಹರಿಯುತ್ತಿತ್ತು. ಆಮೇಲಾಮೇಲೆ ಅಂಚು ಮಾತ್ರ ಹರಿಯತೊಡಗಿತು.

ತಿಂಗಳ ಕಾರ್ಯಕ್ಕೆ ಮಗಳು ಒಂದು ದಿನದ ಮಟ್ಟಿಗೆ ಬಂದಳು. ಮರುದಿನ ಅವಳಿಗೆ ಮೊದಲ ಸಲ ನಿಜವಾದ ದೊಡ್ಡ ವಿಮಾನ, ಪ್ರಯಾಣಿಕರಿಲ್ಲದೆ, ಏರಿ ಇಳಿಯುವ ಅಭ್ಯಾಸ. ಈ ಸಲ ಊದುವುದಿತ್ತು. ನಾದಿನಿ ಕಾರ್ಯ ಮುಗಿಸಿ ಊರಿಗೆ ಹೋಗಿದ್ದಳು. ಹೊರಡುವ ಬೆಳಿಗ್ಗೆ ಮಗಳು ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತಳು.

“ಅಪ್ಪಾ, ನೀವು ರೊಟ್ಟಿ ಕಲ್ತೀರಂತ ಚಿಕ್ಕವ್ವ ಹೇಳಿದ್ಲು. ಕಟ್ಟಿ ಕೊಡ್ರಿ.”

ಮೂರು ರೊಟ್ಟಿ ಬಡಿದೆ. ಒಂದು ಹರಿಯಿತು, ಅದನ್ನು ನಾನಿಟ್ಟುಕೊಂಡೆ. ಹಿಟ್ಟಿನ ಡಬ್ಬಿಯನ್ನು ಮೂಸಿದೆ. ಯಾಕೆ ಮೂಸಿದೆ ಎಂದು ನನಗೇ ತಿಳಿಯಲಿಲ್ಲ. ಚಟ್ನಿ ಹಾಕಬೇಕೆಂದು ಡಬ್ಬಿ ತೆಗೆದವನು, ಅದು ಯಾವತ್ತಿನದೋ ಎಂದು ಮುಚ್ಚಿ ಇಟ್ಟೆ. ಬರಿಯ ರೊಟ್ಟಿಯನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿದೆ. ಹರಿದದ್ದರ ಒಂದು ಚೂರು ಬಾಯಿಗೆ ಹಾಕಿ, ಕಾರ್ಖಾನೆಯಲ್ಲಿ ಮಾದರಿ ಪರೀಕ್ಷಿಸುವ ಹಾಗೆ ನಿಧಾನವಾಗಿ ಅಗಿದೆ. ಉಪ್ಪು ಕಡಿಮೆಯಾಗಿತ್ತು. ಬೇರೇನೂ ಇರಲಿಲ್ಲ.

ಏರ್‌ಪೋರ್ಟ್ ಬಸ್ಸಿನ ಸ್ಟಾಪಿನವರೆಗೆ ಗಂಟನ್ನು ನಾನೇ ಹಿಡಿದುಕೊಂಡು ನಡೆದೆ. ಬಸ್ಸು ಬಂತು. ಮಗಳು ಸೂಟ್‌ಕೇಸು ಒಳಗೆ ತಳ್ಳಿ, ಮೆಟ್ಟಿಲ ಮೇಲೆ ನಿಂತು ಕೈ ಚಾಚಿದಳು.

“ಕೊಡ್ರಿ, ಅಪ್ಪಾ.”

ನನ್ನ ಕೈ ಚಾಚಲಿಲ್ಲ. ಒಳಗಿರುವುದೇನೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಗಂಟನ್ನು ಹೊಟ್ಟೆಗೆ ಹಚ್ಚಿ ಹಿಡಿದು ನಿಂತಿದ್ದೆ. ಡ್ರೈವರು ಹಾರ್ನು ಹೊಡೆದ. ಮಗಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಬಗ್ಗಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗಂಟನ್ನು ತೆಗೆದುಕೊಂಡಳು.

ಬಸ್ಸು ಹೊರಟಿತು. ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ನಾನು ನೋಡುತ್ತಿರುವಾಗಲೇ ಗಂಟು ಬಿಚ್ಚಿ, ರೊಟ್ಟಿ ಮುರಿದು, ಬಾಯಿಗಿಟ್ಟುಕೊಂಡಳು. ಓಡಿ ಹೋಗಿ ಅದನ್ನು ಕಸಿದುಕೊಳ್ಳಬೇಕೆನಿಸಿತು. ಎರಡು ಹೆಜ್ಜೆ ಇಟ್ಟೆ ಕೂಡ.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಸ್ಟಾಪಿನ ಕಟ್ಟೆಯ ಮೇಲೆ ಕೂತೆ. ಆಟೋದವನೊಬ್ಬ ಪಕ್ಕಕ್ಕೆ ತಂದು ನಿಲ್ಲಿಸಿ, “ಕಹಾಂ ಜಾನಾ, ಚಾಚಾ?” ಎಂದ. ಮನೆ ಇಲ್ಲೇ ಹತ್ತಿರ ಎಂದೆ. ಜೇಬಿನಿಂದ ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತೆ.